ಗ್ರೀಕರ ಹೆಗಲ ಮೇಲಿನ ಅಮೃತಶಿಲೆ

ಮಾನ್ಯ ಸಂಪಾದಕರಿಗೆ,

ಗ್ರೀಸ್ ದೇಶದ ಸುದ್ದಿ ನಮ್ಮ ಕನ್ನಡ ಪತ್ರಿಕೆಗಳಲ್ಲಿ ಕಾಣಿಸಿಕೊಳ್ಳುವುದು ಅಪರೂಪಕ್ಕೆ. ಅಲ್ಲಿ ಕಾಡ್ಗಿಚ್ಚು ಹಬ್ಬಿದಾಗ, ವಲಸಿಗರ ದೋಣಿ ಮುಳುಗಿದಾಗ, ಸಾಲದ ಮಾತು ಎದ್ದಾಗ, ಇಲ್ಲವೇ ಅಥೆನ್ಸಿನ ಅಕ್ರೊಪೊಲಿಸ್ ಬೆಟ್ಟದ ಪ್ರಾಚೀನ ಗುಡಿಯಾದ ಪಾರ್ಥೆನಾನಿನಿಂದ ಹೋಗಿ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿರುವ ಶಿಲ್ಪಗಳ ತಕರಾರು ಮತ್ತೆ ತಲೆ ಎತ್ತಿದಾಗ. ಸುದ್ದಿ ಯಾವುದೇ ಇರಲಿ, ‘ಸಾಕ್ರೆಟಿಸ್, ಪ್ಲೇಟೋ ಬಾಳಿದ ನಾಡು’ ಎಂಬ ಮಾತೊಂದು ಅದರೊಳಗೆ ತಪ್ಪದೆ ಬಂದು ಕೂರುತ್ತದೆ. ಅದರ ಬೆನ್ನಿಗೇ ‘ಅಂಥ ನಾಡಿಗೆ ಇಂಥ ಗತಿಯೇ’ ಎಂಬ ಮರುಕವೂ ಬರುತ್ತದೆ. ಬರೆಯುವವರಲ್ಲಿ ಕೆಟ್ಟ ಉದ್ದೇಶವಿಲ್ಲವೆಂದು ಬಲ್ಲೆ. ಆದರೆ ಆ ಎರಡು ಮಾತುಗಳ ನಡುವೆ ಎರಡು ಸಾವಿರ ವರ್ಷಕ್ಕೂ ಮಿಕ್ಕಿದ ಬದುಕು ಬಿದ್ದುಹೋಗುತ್ತದೆ. ಹಾಗೆ ಬೀಳಿಸಿ ಮಾತಾಡುವ ಹೊರಗಿನವರ ಅಭ್ಯಾಸವೇ ಇನ್ನೂರು ವರ್ಷಗಳಿಂದ ಆ ಜನರ ಮೇಲೆ ದೊಡ್ಡ ಹೊರೆಯಾಗಿ ಕೂತಿದೆ ಎಂಬುದನ್ನು ಓದುಗರ ಗಮನಕ್ಕೆ ತರಬೇಕೆಂದು ಈ ದೀರ್ಘ ಪತ್ರವನ್ನು ಬರೆಯುತ್ತಿದ್ದೇನೆ.

ನಾನು ಇತಿಹಾಸದ ವಿದ್ವಾಂಸನಲ್ಲ. ಕುಂದಾಪುರದ ಕಡೆಯವನು, ಸರಕು ಹಡಗುಗಳ ಎಂಜಿನ್ ಕೋಣೆಯಲ್ಲಿ ಇಪ್ಪತ್ತಾರು ವರ್ಷ ದುಡಿದು ನಿವೃತ್ತನಾದವನು. ಜಗತ್ತಿನ ವ್ಯಾಪಾರಿ ಹಡಗುಗಳ ಒಡೆತನದಲ್ಲಿ ಗ್ರೀಕರ ಪಾಲು ಎಲ್ಲರಿಗಿಂತ ಹೆಚ್ಚಿನದಾದ್ದರಿಂದ ನನ್ನ ದುಡಿಮೆಯ ಬಹುಭಾಗ ಅವರ ಹಡಗುಗಳಲ್ಲೇ ಕಳೆಯಿತು. ಪಿರೆಯಾಸ್ ಬಂದರಿನಲ್ಲಿ ಹಡಗು ನಿಂತಾಗಲೆಲ್ಲ ಅರ್ಧ ದಿನದ ರಜೆ ಸಿಕ್ಕರೂ ಅಥೆನ್ಸಿಗೆ ಓಡುತ್ತಿದ್ದೆ. ಉಳಿದದ್ದನ್ನು ನಿವೃತ್ತಿಯ ನಂತರ ಓದಿ ತಿಳಿದುಕೊಂಡೆ.

ಮೊದಲ ಪಾಠ ಹೇಳಿದವರು ಕಿಯೋಸ್ ದ್ವೀಪದಿಂದ ಬಂದಿದ್ದ ನಮ್ಮ ಚೀಫ್ ಎಂಜಿನಿಯರ್. ಬೆಳಗಿನ ಪಾಳಿ ಮುಗಿಯುವ ಹೊತ್ತಿಗೆ ಉದ್ದ ಹಿಡಿಯ ಪುಟ್ಟ ಹಿತ್ತಾಳೆ ಪಾತ್ರೆಯಲ್ಲಿ ಕಾಫಿ ಕಾಯಿಸುತ್ತಿದ್ದರು. ನೊರೆ ಅಂಚಿಗೆ ಏರಿ ಇನ್ನೇನು ಉಕ್ಕಬೇಕು ಅನ್ನುವಾಗ ಪಾತ್ರೆಯನ್ನು ಎತ್ತಿ, ಇಳಿಸಿ, ಮತ್ತೆ ಎತ್ತಿ, ಗಸಿಯನ್ನು ಸೋಸದೆ ಹಾಗೆಯೇ ಬಟ್ಟಲಿಗೆ ಸುರಿಯುತ್ತಿದ್ದರು. ಆ ಪಾತ್ರೆಗೆ ಅವರು ‘ಬ್ರಿಕಿ’ ಅನ್ನುತ್ತಿದ್ದರು. ತುರ್ಕಿ ಮಾತಿನಿಂದ ಬಂದ ಹೆಸರು. ತಮ್ಮ ಬಾಲ್ಯದಲ್ಲಿ ಎಲ್ಲರೂ ಇದನ್ನು ತುರ್ಕಿ ಕಾಫಿ ಎಂದೇ ಕರೆಯುತ್ತಿದ್ದರು, 1974ರಲ್ಲಿ ತುರ್ಕಿಯ ಸೇನೆ ಸೈಪ್ರಸ್ಸಿಗೆ ನುಗ್ಗಿದ ಮೇಲೆ ಅದು ‘ಗ್ರೀಕ್ ಕಾಫಿ’ ಆಯಿತು ಎಂದು ಅವರೇ ಹೇಳಿದರು. ಒಂದು ದಿನ ನಾನು, ಪ್ರಾಚೀನ ಅಥೆನ್ಸಿನ ನಾಯಕ ಪೆರಿಕ್ಲಿಸನ ಬಗ್ಗೆ ಶಾಲೆಯಲ್ಲಿ ಓದಿದ ಪಾಠ ನೆನೆದು, ‘ನೀವು ಪೆರಿಕ್ಲಿಸನ ವಂಶದವರು’ ಎಂದು ಅಭಿಮಾನದಿಂದಲೇ ಅಂದೆ. ಅವರ ಮುಖ ಅರಳಲಿಲ್ಲ. ‘ಪಾಸ್‌ಪೋರ್ಟಿನಲ್ಲಿ ನಾನು ಹೆಲೀನ, ನಮ್ಮಜ್ಜಿಯ ಬಾಯಲ್ಲಿ ನಾನು ರೊಮ್ಯೋಸ್’ ಎಂದರು. ಆಗ ಅದರ ಅರ್ಥ ನನಗೆ ಆಗಲಿಲ್ಲ.

‘ಗ್ರೀಕ್’ ಎಂಬುದು ರೋಮನ್ನರು ಕರೆದ ಹೆಸರು. ನಾವು ಹೇಳುವ ‘ಯವನ’ ಅಯೋನಿಯಾದಿಂದ ಪೂರ್ವಕ್ಕೆ ಹರಿದು ಬಂದದ್ದು. ಅವರಿಗೆ ಅವರೇ ಇಟ್ಟುಕೊಂಡ ಹೆಸರುಗಳು ಎರಡು. ಪ್ರಾಚೀನ ಕಾಲದಲ್ಲಿ ಅವರು ಹೆಲೀನರು. ಕ್ರೈಸ್ತ ಧರ್ಮ ಬಂದ ಮೇಲೆ ಆ ಪದಕ್ಕೆ ‘ಹಳೆಯ ದೇವರುಗಳನ್ನು ಪೂಜಿಸುವವನು’ ಎಂಬ ಅರ್ಥ ಅಂಟಿಕೊಂಡು ಅದು ಬೇಡವಾಯಿತು. ಕಾನ್‌ಸ್ಟಾಂಟಿನೋಪಲ್ ರಾಜಧಾನಿಯಾಗಿದ್ದ, ಇಂದು ಬೈಜಾಂಟಿಯಂ ಎಂದು ಕರೆಯುವ ಪೂರ್ವ ರೋಮನ್ ಸಾಮ್ರಾಜ್ಯದ ಪ್ರಜೆಗಳು ತಮ್ಮನ್ನು ರೋಮನ್ನರೆಂದೇ ಕರೆದುಕೊಂಡರು. ಅದೇ ಜನರ ನಾಲಿಗೆಯಲ್ಲಿ ‘ರೊಮ್ಯೋಸ್’ ಆಯಿತು. 1453ರಲ್ಲಿ ಆ ನಗರ ಒಟ್ಟೊಮನ್ನರ ವಶವಾದ ಮೇಲೂ ಹೆಸರು ಉಳಿಯಿತು, ಏಕೆಂದರೆ ಸುಲ್ತಾನರ ಆಡಳಿತದಲ್ಲಿ ಆರ್ಥೊಡಾಕ್ಸ್ ಕ್ರೈಸ್ತರೆಲ್ಲ ‘ರೂಮ್’ ಎಂಬ ಒಂದೇ ಸಮುದಾಯಕ್ಕೆ ಸೇರಿದವರಾಗಿದ್ದರು. ಈ ಹೆಸರು ಎಷ್ಟು ಆಳಕ್ಕೆ ಇಳಿದಿತ್ತೆಂಬುದಕ್ಕೆ ಒಂದು ಪ್ರಸಂಗವಿದೆ. 1912ರಲ್ಲಿ ಗ್ರೀಕ್ ಸೇನೆ ಲೆಮ್ನೋಸ್ ದ್ವೀಪವನ್ನು ಒಟ್ಟೊಮನ್ನರಿಂದ ಗೆದ್ದುಕೊಂಡಾಗ ಊರಿನ ಮಕ್ಕಳು ಸೈನಿಕರನ್ನು ನೋಡಲು ಓಡಿ ಬಂದರಂತೆ. ‘ಏನು ನೋಡುತ್ತಿದ್ದೀರಿ’ ಎಂದು ಸೈನಿಕನೊಬ್ಬ ಕೇಳಿದ. ‘ಹೆಲೀನರನ್ನು’ ಎಂದರು ಮಕ್ಕಳು. ‘ಹಾಗಾದರೆ ನೀವು ಹೆಲೀನರಲ್ಲವೇ’ ಎಂದು ಅವನು ಕೇಳಿದರೆ, ‘ಅಲ್ಲ, ನಾವು ರೋಮನ್ನರು’ ಎಂದು ಉತ್ತರ ಬಂತು. ಇದನ್ನು ಹೇಳಿದವರು ಅದೇ ದ್ವೀಪದಲ್ಲಿ ಹುಟ್ಟಿ, ಮುಂದೆ ಅಮೆರಿಕದಲ್ಲಿ ಬೈಜಾಂಟಿಯಂ ಇತಿಹಾಸದ ಹಿರಿಯ ವಿದ್ವಾಂಸರಾದ ಪೀಟರ್ ಕರಾನಿಸ್. ಆ ಮಕ್ಕಳು ಮನೆಯಲ್ಲಿ ಆಡುತ್ತಿದ್ದದ್ದು ಗ್ರೀಕ್ ಭಾಷೆಯನ್ನೇ.

ಹಾಗಿದ್ದರೆ ಹೆಲೀನನೆಂಬ ಹೆಸರು ಮರಳಿ ಬಂದದ್ದು ಎಲ್ಲಿಂದ? ಬಹಳಮಟ್ಟಿಗೆ ಪಶ್ಚಿಮ ಯುರೋಪಿನಿಂದ. ಹದಿನೆಂಟನೆಯ ಶತಮಾನದಲ್ಲಿ ಅಲ್ಲಿಯ ಓದಿದವರು ಪ್ರಾಚೀನ ಗ್ರೀಸನ್ನು ತಮ್ಮದೇ ತವರೆಂದು ಭಾವಿಸಿ ಪೂಜಿಸುತ್ತಿದ್ದರು. ಸ್ಮಿರ್ನಾದಲ್ಲಿ ಹುಟ್ಟಿ ಪ್ಯಾರಿಸ್ಸಿನಲ್ಲಿ ನೆಲೆಸಿದ ಅದಮಾಂಟಿಯೋಸ್ ಕೊರಾಯಿಸ್‌ರಂಥ ಗ್ರೀಕ್ ವಿದ್ವಾಂಸರು ಆ ಪೂಜೆಯನ್ನು ಕಣ್ಣಾರೆ ಕಂಡು, ತಮ್ಮ ಜನ ಆ ಪೂರ್ವಿಕರ ಮಕ್ಕಳೆಂದು ಜಗತ್ತಿಗೂ ತಮ್ಮವರಿಗೂ ತೋರಿಸಿಕೊಟ್ಟರೆ ಬಿಡುಗಡೆಯ ದಾರಿ ತೆರೆಯುತ್ತದೆಂದು ನಂಬಿದರು. ಆ ನಂಬಿಕೆ ಹುಸಿಯಾಗಲಿಲ್ಲ. 1821ರಲ್ಲಿ ದಂಗೆ ಎದ್ದಾಗ ಬೈರನ್ ಕವಿಯೂ ಸೇರಿ ನೂರಾರು ಯುರೋಪಿಯನ್ನರು ಹೋರಾಡಲು ಹೋದದ್ದು, 1827ರಲ್ಲಿ ನವರಿನೋ ಕೊಲ್ಲಿಯಲ್ಲಿ ಬ್ರಿಟನ್, ಫ್ರಾನ್ಸ್, ರಷ್ಯಾಗಳ ನೌಕೆಗಳು ಒಟ್ಟೊಮನ್ ನೌಕಾಪಡೆಯನ್ನು ನುಚ್ಚುನೂರು ಮಾಡಿದ್ದು, ಇವುಗಳ ಹಿಂದೆ ರಾಜಕೀಯದ ಲೆಕ್ಕಾಚಾರದ ಜೊತೆಗೆ ಆ ಪೂಜಾಭಾವವೂ ಇತ್ತು. ಆದರೆ ಹೋರಾಡಿದವರು ಯಾರು? ಹೈಡ್ರಾ, ಸ್ಪೆಟ್ಸೆಸ್ ದ್ವೀಪಗಳ ನಾವಿಕರಲ್ಲಿ ಬಹುಪಾಲು ಅರ್ವನೈಟರು. ಅವರ ಮನೆಮಾತು ಅಲ್ಬೇನಿಯನ್ನಿನ ಒಂದು ಬಗೆ. ಅವರಲ್ಲೇ ಹುಟ್ಟಿದ ವೀರಸ್ತ್ರೀ ಬುಬುಲೀನಾ ತನ್ನ ಯುದ್ಧನೌಕೆಗೆ ಇಟ್ಟ ಹೆಸರು ‘ಅಗಮೆಮ್ನಾನ್’, ಹೋಮರನ ಕಾವ್ಯದ ಗ್ರೀಕ್ ದೊರೆಯದು. ಹಡಗಿನಲ್ಲೇ ಬಾಳಿದವನಾದ್ದರಿಂದ ನನಗೆ ಈ ಹೆಸರು ಬಹಳ ಮುಖ್ಯವಾಗಿ ಕಾಣುತ್ತದೆ. ಒಬ್ಬ ಹೆಣ್ಣುಮಗಳು ತನ್ನ ಜೀವವನ್ನೂ ಆಸ್ತಿಯನ್ನೂ ಪಣಕ್ಕಿಟ್ಟು ಹೊರಟ ಹಡಗದು. ಅದರ ಹೆಸರನ್ನು ಯಾರೋ ಹೊರಗಿನವರು ಹೇಳಿಕೊಟ್ಟದ್ದೆಂದು ತಳ್ಳಿಹಾಕುವುದು ನನ್ನಿಂದಾಗದು.

ಸ್ವಾತಂತ್ರ್ಯ ಬಂದ ರೀತಿ ಮಾತ್ರ ಬೇರೆ. ಮಹಾಶಕ್ತಿಗಳು ಗ್ರೀಕರಿಗೆ ಬವೇರಿಯಾದ ರಾಜಕುಮಾರ ಒಟ್ಟೋನನ್ನು ದೊರೆಯಾಗಿ ಕೊಟ್ಟವು. 1833ರಲ್ಲಿ ಬಂದಿಳಿದಾಗ ಅವನಿಗೆ ಹದಿನೇಳು ವರ್ಷ. ಮರುವರ್ಷ ರಾಜಧಾನಿ ನಾಫ್ಲಿಯೋದಿಂದ ಅಥೆನ್ಸಿಗೆ ಬಂತು. ಯುದ್ಧದಲ್ಲಿ ಪಾಳುಬಿದ್ದು, ಹಳ್ಳಿಗಿಂತ ಹೆಚ್ಚೇನೂ ಆಗಿರದಿದ್ದ ಆ ಊರನ್ನು ಆರಿಸಿದ್ದು ಅದರ ಹೆಸರಿಗಾಗಿ. ಅಕ್ರೊಪೊಲಿಸ್ ಬೆಟ್ಟದ ನೆತ್ತಿಯ ಮೇಲೇ ಅರಮನೆ ಕಟ್ಟುವ ನಕ್ಷೆಯೊಂದು ಬರ್ಲಿನ್ನಿನಲ್ಲಿ ತಯಾರಾಗಿತ್ತು. ಪುಣ್ಯಕ್ಕೆ ಅದು ಕಾಗದದಲ್ಲೇ ಉಳಿಯಿತು. 1834ರಲ್ಲಿ ಅದೇ ಬೆಟ್ಟದ ಮೇಲೆ ಸಿಂಹಾಸನ ಹಾಕಿಸಿ ಒಂದು ಸಮಾರಂಭ ನಡೆಸಿದರು. ಬವೇರಿಯಾದ ವಾಸ್ತುಶಿಲ್ಪಿ ಲಿಯೋ ಫಾನ್ ಕ್ಲೆಂಜೆ ಹುಡುಗ ದೊರೆಯ ಮುಂದೆ ನಿಂತು ಭಾಷಣ ಮಾಡಿ, ಇಲ್ಲಿರುವ ಅನಾಗರಿಕತೆಯ ಕುರುಹುಗಳನ್ನೆಲ್ಲ ತೊಡೆದುಹಾಕಿ ಪ್ರಾಚೀನ ವೈಭವವನ್ನು ಬೆಳಗಿಸಲಾಗುವುದೆಂಬ ಅರ್ಥದ ಮಾತನ್ನಾಡಿದರು.

ಆ ‘ಕುರುಹು’ಗಳು ಯಾವುವು? ಪಾರ್ಥೆನಾನ್ ಕಟ್ಟಿದ್ದು ಕ್ರಿಸ್ತಪೂರ್ವ 447ರಿಂದ 432ರ ನಡುವೆ. ಅಥೀನಾ ದೇವಿಯ ಗುಡಿಯಾಗಿ ಅದು ಸುಮಾರು ಒಂಬತ್ತು ಶತಮಾನ ನಿಂತಿತು. ಅನಂತರ ಮೇರಿಯಮ್ಮನ ಇಗರ್ಜಿಯಾಗಿ ಸರಿಸುಮಾರು ಅಷ್ಟೇ ಕಾಲ ನಿಂತಿತು. ದೂರದೂರದ ಊರುಗಳಿಂದ ಜನ ಅಲ್ಲಿಗೆ ಹರಕೆ ಹೊತ್ತು ಬರುತ್ತಿದ್ದರು. ಒಟ್ಟೊಮನ್ನರು ಬಂದ ಮೇಲೆ ಮಸೀದಿಯಾಯಿತು. 1687ರ ಸೆಪ್ಟೆಂಬರ್ 26ರಂದು, ಒಳಗೆ ಕೂಡಿಟ್ಟಿದ್ದ ಮದ್ದುಗುಂಡಿನ ಮೇಲೆ ವೆನಿಸ್ ಸೇನೆಯ ಗುಂಡು ಬಿದ್ದು ನಡುಭಾಗ ಸಿಡಿದುಹೋಯಿತು. ಆ ಪಾಳಿನ ಒಳಗೇ ಮತ್ತೆ ಒಂದು ಪುಟ್ಟ ಮಸೀದಿ ಎದ್ದಿತು, ಸುತ್ತ ಮನೆಗಳು, ತೋಟಗಳು, ಬಾವಿಗಳು ಇದ್ದವು. ಹೊಸ ರಾಜ್ಯ ಇದೆಲ್ಲವನ್ನೂ ಕೆರೆದು ತೆಗೆಯಿತು. ಮಸೀದಿ 1840ರ ದಶಕದಲ್ಲಿ ಹೋಯಿತು. ಬೆಟ್ಟದ ಹೆಬ್ಬಾಗಿಲ ಪಕ್ಕದಲ್ಲಿ ಮಧ್ಯಯುಗದ ಎತ್ತರದ ಗೋಪುರವೊಂದಿತ್ತು. ಅದನ್ನು 1875ರಲ್ಲಿ ಕೆಡವಿಸಿದರು, ಖರ್ಚು ಕೊಟ್ಟವರು ಟ್ರಾಯ್ ಪಟ್ಟಣವನ್ನು ಅಗೆದು ಹೆಸರಾದ ಹೈನ್‌ರಿಶ್ ಶ್ಲೀಮನ್. ನಾವು ಕ್ಯಾಲೆಂಡರುಗಳಲ್ಲಿ ನೋಡುವ ಆ ಬೋಳು ಬಂಡೆ, ಬಿಳಿ ಕಂಬ, ನೀಲಿ ಆಕಾಶದ ಅಕ್ರೊಪೊಲಿಸ್ ಹತ್ತೊಂಬತ್ತನೆಯ ಶತಮಾನದವರು ಮಾಡಿಕೊಟ್ಟದ್ದು. ಪೆರಿಕ್ಲಿಸನ ಕಾಲದಲ್ಲಿ ಅದು ಹಾಗೆ ಬೋಳಾಗಿ ಇರಲೇ ಇಲ್ಲ. ಬಣ್ಣ ಬಳಿದ ಶಿಲ್ಪಗಳು, ಹರಕೆಯ ಪ್ರತಿಮೆಗಳು, ಬಲಿಪೀಠಗಳು ಅಲ್ಲಿ ತುಂಬಿ ತುಳುಕುತ್ತಿದ್ದವು.

ಕೆಳಗಿನ ಊರನ್ನೂ ಹಾಗೆಯೇ ಹೊಸದಾಗಿ ರೂಪಿಸಿದರು. ಇಂದು ಪ್ರವಾಸಿಗರು ‘ಅಪ್ಪಟ ಗ್ರೀಕ್’ ಎಂದು ಚಿತ್ರ ತೆಗೆದುಕೊಳ್ಳುವ ವಿಶ್ವವಿದ್ಯಾಲಯ, ಅಕಾಡೆಮಿ, ರಾಷ್ಟ್ರೀಯ ಗ್ರಂಥಾಲಯಗಳ ಸಾಲುಕಟ್ಟಡಗಳನ್ನು ವಿನ್ಯಾಸ ಮಾಡಿದವರು ಡೆನ್ಮಾರ್ಕಿನ ಹಾನ್ಸೆನ್ ಸಹೋದರರು. ನೂರಾರು ವರ್ಷ ಹಳೆಯದಾದ ಬೈಜಾಂಟಿಯಂ ಕಾಲದ ಪುಟ್ಟ ಇಗರ್ಜಿಗಳು ಹೊಸ ಬೀದಿಗಳಿಗೆ ಅಡ್ಡ ಬಂದುವೆಂದು ಉರುಳಿದವು. ಎರ್ಮೂ ಬೀದಿಯಲ್ಲಿ ನಡೆದರೆ ಬಟ್ಟೆ ಅಂಗಡಿಗಳ ನಡುವೆ, ಬೀದಿಯ ನಟ್ಟನಡುವೆಯೇ, ಕಪ್ನಿಕರೇಯಾ ಎಂಬ ಹನ್ನೊಂದನೆಯ ಶತಮಾನದ ಇಗರ್ಜಿ ನೆಲಮಟ್ಟಕ್ಕಿಂತ ಕೆಳಗೆ ಕೂತಿರುವುದು ಕಾಣುತ್ತದೆ. ಉಳಿದುಕೊಂಡದ್ದಕ್ಕೆ ಅದು ಅಷ್ಟು ಒಂಟಿಯಾಗಿ ಕಾಣುತ್ತದೆ.

ಡೆಲ್ಫಿಯ ಕತೆಯನ್ನೂ ಹೇಳಲೇಬೇಕು. ಅಪೊಲೋ ದೇವನ ಆ ಪ್ರಸಿದ್ಧ ಕ್ಷೇತ್ರದ ಮೇಲೆ ಕಸ್ತ್ರಿ ಎಂಬ ಹಳ್ಳಿ ತಲೆಮಾರುಗಳಿಂದ ನೆಲೆಸಿತ್ತು. ಫ್ರೆಂಚರು ಅಗೆಯಲು ಬಂದಾಗ ಹಳ್ಳಿಯನ್ನೇ ಎತ್ತಿ ಪಕ್ಕಕ್ಕೆ ಇಡಲಾಯಿತು. 1892ರಲ್ಲಿ ಅಗೆತ ಶುರುವಾದಾಗ ಹಳ್ಳಿಗರ ಪ್ರತಿಭಟನೆಯೂ ನಡೆಯಿತು. ಅಥೆನ್ಸಿನಲ್ಲಿ ಪ್ರಾಚೀನ ಸಂತೆಬಯಲಾದ ಅಗೋರಾವನ್ನು ಅಮೆರಿಕನ್ನರು 1931ರಿಂದ ಅಗೆದಾಗ ವ್ರಿಸಾಕಿ ಎಂಬ ಇಡೀ ಕೇರಿ, ನೂರಾರು ಮನೆಗಳು ಸಮೇತ, ಇಲ್ಲವಾಯಿತು. ಅಗೆದದ್ದು ತಪ್ಪೆಂದು ನಾನು ಹೇಳುತ್ತಿಲ್ಲ. ಅಲ್ಲಿ ಸಿಕ್ಕಿದ ಮತದಾನದ ಮಡಕೆಚೂರುಗಳನ್ನು ನೋಡಿ ನಾನೂ ಮೈಮರೆತು ನಿಂತವನೇ. ಆದರೆ ಸತ್ತವರ ಸಂತೆಗಾಗಿ ಬದುಕಿದವರು ಮನೆ ಬಿಟ್ಟರು ಎಂಬ ಮಾತು ಅಲ್ಲಿಯ ಪ್ರವಾಸಿ ಫಲಕಗಳಲ್ಲಿ ಇನ್ನಷ್ಟು ದೊಡ್ಡ ಅಕ್ಷರದಲ್ಲಿ ಇರಬೇಕಿತ್ತು ಅನ್ನಿಸಿತು.

ಊರುಗಳ ಹೆಸರೂ ಬದಲಾದವು. ಸಲೋನಾ ಅಂಫಿಸ್ಸಾ ಆಯಿತು, ಜೈತೂನಿ ಲಾಮಿಯಾ ಆಯಿತು, ವೊಸ್ತಿತ್ಸಾ ಐಗಿಯೋ ಆಯಿತು. 1909ರಲ್ಲಿ ಇದಕ್ಕಾಗಿಯೇ ಒಂದು ಸಮಿತಿ ರಚನೆಯಾಗಿ, ಸ್ಲಾವ್, ತುರ್ಕಿ, ಅಲ್ಬೇನಿಯನ್ ಮೂಲದ ಹೆಸರುಗಳನ್ನು ಹುಡುಕಿ ಹುಡುಕಿ ಪ್ರಾಚೀನ ಹೆಸರುಗಳಿಗೆ, ಇಲ್ಲವೇ ಪ್ರಾಚೀನದಂತೆ ಕೇಳಿಸುವ ಹೆಸರುಗಳಿಗೆ ಬದಲಿಸಲಾಯಿತು.

ಇಷ್ಟೊಂದು ಆತುರಕ್ಕೆ ಕಾರಣವಿತ್ತು. 1830ರಲ್ಲಿ, ರಾಜ್ಯ ಇನ್ನೂ ಕಣ್ಣು ತೆರೆಯುತ್ತಿದ್ದಾಗಲೇ, ಯಾಕೋಬ್ ಫಿಲಿಪ್ ಫಾಲ್ಮೆರಾಯರ್ ಎಂಬ ಜರ್ಮನ್ ಭಾಷೆಯ ವಿದ್ವಾಂಸ, ಮಧ್ಯಯುಗದಲ್ಲಿ ಸ್ಲಾವರೂ ಅಲ್ಬೇನಿಯನ್ನರೂ ಬಂದು ನೆಲೆಸಿದ್ದರಿಂದ ಇಂದಿನ ಗ್ರೀಕರ ಮೈಯಲ್ಲಿ ಹೆಲೀನರ ರಕ್ತದ ಹನಿಯೂ ಇಲ್ಲವೆಂದು ಬರೆದುಬಿಟ್ಟ. ಯುರೋಪು ಯಾವ ಆಧಾರದ ಮೇಲೆ ಅವರನ್ನು ಬೆಂಬಲಿಸಿತ್ತೋ ಆ ಆಧಾರಕ್ಕೇ ಕೊಡಲಿ ಬಿದ್ದಂತಾಯಿತು. ಅದಕ್ಕೆ ಉತ್ತರ ಕೊಟ್ಟವರು ಇತಿಹಾಸಕಾರ ಕಾನ್‌ಸ್ಟಾಂಟಿನೋಸ್ ಪಪರ್ರಿಗೊಪುಲೋಸ್. 1860ರಿಂದ 1874ರವರೆಗೆ ಸಂಪುಟಗಳ ಮೇಲೆ ಸಂಪುಟ ಬರೆದು, ಪ್ರಾಚೀನ, ಬೈಜಾಂಟಿಯಂ, ಆಧುನಿಕ ಎಂಬ ಮೂರು ಕಾಲಗಳನ್ನು ಒಂದೇ ದಾರದಲ್ಲಿ ಪೋಣಿಸಿದರು. ತಮ್ಮ ನಡುವಿನ ಕಾಲವನ್ನು ಕತ್ತಲೆಯೆಂದು ಎಸೆದಿದ್ದ ಜನಕ್ಕೆ ಅದನ್ನು ಮರಳಿಸಿದ ಅವರ ಕೆಲಸ ದೊಡ್ಡದು. ಆದರೆ ಫಾಲ್ಮೆರಾಯರನ ಪ್ರಶ್ನೆಯನ್ನು ಪ್ರಶ್ನೆಯೆಂದು ಒಪ್ಪಿಕೊಂಡದ್ದರಲ್ಲೇ ಗ್ರೀಕರಿಗೆ ನಷ್ಟವಾಯಿತೆಂಬುದು ನನ್ನ ಅಭಿಪ್ರಾಯ. ಸಾವಿರಾರು ವರ್ಷ ಸಮುದ್ರದ ದಾರಿಯಲ್ಲಿ ಕುಳಿತ ಯಾವ ಜನಾಂಗದ ರಕ್ತ ತಾನೇ ಒಂದೇ ಬಾವಿಯ ನೀರಿನಂತಿರುತ್ತದೆ? ಇಂಗ್ಲೆಂಡಿನವರನ್ನೋ ಇಟಲಿಯವರನ್ನೋ ಯಾರೂ ಹೀಗೆ ಕಟಕಟೆಯಲ್ಲಿ ನಿಲ್ಲಿಸಿ ವಂಶಾವಳಿ ಕೇಳಲಿಲ್ಲ.

ಈ ಹೊರೆ ಅತಿ ಹೆಚ್ಚು ಕಾಡಿದ್ದು ನಾಲಿಗೆಯನ್ನು. ಜನ ಆಡುವ ಗ್ರೀಕ್ ‘ಕೆಟ್ಟುಹೋದದ್ದು’, ತುರ್ಕಿ, ಇಟಾಲಿಯನ್ ಪದಗಳಿಂದ ಮೈಲಿಗೆಯಾದದ್ದು ಎಂಬ ಭಾವನೆಯಿಂದ ‘ಕಥರೆವುಸಾ’, ಎಂದರೆ ಶುದ್ಧಗೊಳಿಸಿದ ಭಾಷೆ, ಹುಟ್ಟಿಕೊಂಡಿತು. ಕೊರಾಯಿಸ್ ನಡುದಾರಿಯೆಂದು ಸೂಚಿಸಿದ್ದನ್ನು ಮುಂದಿನವರು ಪ್ರಾಚೀನದ ಕಡೆಗೆ ಇನ್ನಷ್ಟು ಎಳೆದರು. ಕೋರ್ಟು, ಕಚೇರಿ, ಶಾಲೆ, ಪತ್ರಿಕೆಗಳಲ್ಲಿ ಅದೇ. ಮನೆಯಲ್ಲಿ, ಬಂದರಿನಲ್ಲಿ, ಹಾಡಿನಲ್ಲಿ ಜನರ ‘ದಿಮೊಟಿಕಿ’. ನಮ್ಮೂರಿನ ಹುಡುಗನೊಬ್ಬ ಮನೆಯಲ್ಲಿ ಕುಂದಗನ್ನಡ ಆಡಿ, ಶಾಲೆಯಲ್ಲಿ ಪಂಪನ ಕಾಲದ ವ್ಯಾಕರಣದಲ್ಲಿ ಪ್ರಬಂಧ ಬರೆಯಬೇಕಾಗಿ ಬಂದರೆ, ಜಮೀನಿನ ಪಹಣಿಯೂ ಅದರಲ್ಲೇ ಇದ್ದರೆ ಹೇಗಿರುತ್ತಿತ್ತೆಂದು ಊಹಿಸಿಕೊಂಡರೆ ಅದರ ಕಷ್ಟ ತಿಳಿದೀತು. 1901ರಲ್ಲಿ ಮತ್ತಾಯನ ಸುವಾರ್ತೆಯನ್ನು ಆಡುಮಾತಿಗೆ ತಂದು ಅಥೆನ್ಸಿನ ದಿನಪತ್ರಿಕೆಯೊಂದು ಪ್ರಕಟಿಸಿದ್ದಕ್ಕೆ ಆ ವರ್ಷದ ನವೆಂಬರಿನಲ್ಲಿ ವಿದ್ಯಾರ್ಥಿಗಳು ಬೀದಿಗಿಳಿದು, ಗಲಭೆಯಲ್ಲಿ ಎಂಟು ಮಂದಿ ಸತ್ತರು. ಆರ್ಚ್‌ಬಿಷಪ್ ಸ್ಥಾನ ಬಿಟ್ಟರು, ಪ್ರಧಾನಿಯೂ ರಾಜೀನಾಮೆ ಕೊಟ್ಟರು. ಒಂದು ಅನುವಾದಕ್ಕೆ ಎಂಟು ಜೀವ. 1967ರಿಂದ 1974ರವರೆಗೆ ಆಳಿದ ಮಿಲಿಟರಿ ಸರ್ವಾಧಿಕಾರಿಗಳಿಗೂ ಕಥರೆವುಸಾ ಪ್ರಿಯವಾಗಿತ್ತು. ಅವರು ಬಿದ್ದ ಮೇಲೆ, 1976ರಲ್ಲಿ, ಜನರ ಮಾತು ಕೊನೆಗೂ ಶಾಲೆಯ ಮತ್ತು ಆಡಳಿತದ ಭಾಷೆಯಾಯಿತು.

ಇಷ್ಟೆಲ್ಲ ಆದ ಮೇಲೆ, ಜನರ ಆ ‘ಮೈಲಿಗೆ’ಯ ಮಾತಿನಲ್ಲೇ ನಿಜವಾದ ಪ್ರಾಚೀನತೆ ಮುರಿಯದೆ ಉಳಿದು ಬಂದಿದೆ ಎಂಬುದನ್ನು ನಾನು ಪಿರೆಯಾಸಿನ ಅಂಗಡಿಗಳಲ್ಲಿ ಕಲಿತೆ. ಬೇಕರಿಯ ಫಲಕದ ಮೇಲೆ ರೊಟ್ಟಿಗೆ ಹಳೆಯ ‘ಆರ್ತೋಸ್’ ಪದದಿಂದ ಮಾಡಿದ ಹೆಸರು. ಒಳಗೆ ಹೋದ ಅಜ್ಜಿ ಕೇಳುವುದು ‘ಪ್ಸೊಮಿ’. ಗ್ರಂಥದಲ್ಲಿ ದ್ರಾಕ್ಷಾರಸ ‘ಈನೋಸ್’, ಊಟದ ಮೇಜಿನ ಮೇಲೆ ‘ಕ್ರಸಿ’. ಈ ‘ಕ್ರಸಿ’ಯ ಮೂಲಾರ್ಥ ಬೆರೆಸಿದ್ದು ಎಂದು, ಪ್ರಾಚೀನರು ದ್ರಾಕ್ಷಾರಸವನ್ನು ನೀರು ಬೆರೆಸಿಯೇ ಕುಡಿಯುತ್ತಿದ್ದರು. ನೀರಿಗೆ ಹೇಳುವ ‘ನೆರೋ’ ಕೂಡ ‘ತಾಜಾ ನೀರು’ ಎಂಬ ಹಳೆಯ ಗ್ರೀಕ್ ಮಾತಿನಲ್ಲಿ ‘ತಾಜಾ’ ಎಂಬುದಷ್ಟೇ ಸವೆದು ಉಳಿದದ್ದು. ಮನೆಗೆ ‘ಸ್ಪಿತಿ’, ಬಾಗಿಲಿಗೆ ‘ಪೊರ್ತಾ’. ಇವು ಲ್ಯಾಟಿನ್ನಿನಿಂದ ಬಂದು ಮನೆಯವೇ ಆದವು. ಸಮುದ್ರಕ್ಕೆ ಹೋಮರನ ಕಾಲದಲ್ಲೂ ‘ಥಾಲಸ್ಸಾ’, ನಮ್ಮ ಚೀಫ್ ಎಂಜಿನಿಯರರ ಬಾಯಲ್ಲೂ ‘ಥಾಲಸ್ಸಾ’. ಶುದ್ಧಿ ಮಾಡುವವರು ಹುಡುಕುತ್ತಿದ್ದ ನಿಧಿ ಮೀನು ಮಾರುವವರ ನಾಲಿಗೆಯಲ್ಲೇ ಇತ್ತು.

ಪ್ರಾಚೀನದ ಹೆಸರಿನಲ್ಲಿ ನಡೆದ ಕ್ರೌರ್ಯಗಳಲ್ಲಿ ನನ್ನನ್ನು ಅತ್ಯಂತ ಕಲಕಿದ್ದು ಮಕ್ರೊನಿಸೋಸ್. ಅಟ್ಟಿಕಾ ತೀರದಿಂದ ಕಣ್ಣಿಗೆ ಕಾಣುವ ಆ ಬರಡು ದ್ವೀಪದ ಪಕ್ಕದಲ್ಲೇ ನಮ್ಮ ಹಡಗು ಹಾದುಹೋಗುತ್ತಿತ್ತು. ಅಂತರ್ಯುದ್ಧದ ಕಾಲದಲ್ಲಿ, 1947ರಿಂದ, ಎಡಪಂಥೀಯರೆಂದು ಶಂಕಿಸಿದ ಸಾವಿರಾರು ಸೈನಿಕರನ್ನೂ ನಾಗರಿಕರನ್ನೂ ಅಲ್ಲಿ ಕೂಡಿಹಾಕಿ, ಹೊಡೆದು ಬಡಿದು, ‘ನಿಜವಾದ ಹೆಲೀನ’ರನ್ನಾಗಿ ತಿದ್ದುವ ಶಿಬಿರ ನಡೆಸಿದರು. ಅಲ್ಲಿಯ ಕೈದಿಗಳ ಕೈಯಲ್ಲಿ ಕಲ್ಲು ಹೊರಿಸಿ ಪಾರ್ಥೆನಾನಿನ ಪುಟ್ಟ ಪ್ರತಿಕೃತಿಗಳನ್ನು ಕಟ್ಟಿಸಿದರು. ಆಳುವವರ ಕಡೆಯವರು ಆ ದ್ವೀಪವನ್ನು ‘ಹೊಸ ಪಾರ್ಥೆನಾನ್’ ಎಂದು ಹೊಗಳಿದರು. ಅಥೆನ್ಸಿನ ಪಾರ್ಥೆನಾನನ್ನು ಕುರಿತು ಬರೆಯುವಾಗ ನಮ್ಮವರು ಇದನ್ನೂ ಒಂದು ಸಾಲಿನಲ್ಲಾದರೂ ನೆನೆಯಬೇಕೆಂಬುದು ನನ್ನ ಆಸೆ.

ಗ್ರೀಕನೆಂದರೆ ಯಾರು ಎಂಬ ಪ್ರಶ್ನೆಗೆ, ಗ್ರೀಸ್ ಮತ್ತು ತುರ್ಕಿ ತಮ್ಮ ಜನರನ್ನು ಅದಲುಬದಲು ಮಾಡಿಕೊಂಡ 1923ರ ಲೌಸಾನ್ ಒಪ್ಪಂದ ಕೊಟ್ಟ ಉತ್ತರ ಧರ್ಮದ್ದು. ಏಷ್ಯಾ ಮೈನರಿನಿಂದ ಸುಮಾರು 12 ಲಕ್ಷ ಆರ್ಥೊಡಾಕ್ಸ್ ಕ್ರೈಸ್ತರು ಗ್ರೀಸಿಗೆ, ಗ್ರೀಸಿನಿಂದ ಮೂರೂವರೆ ಲಕ್ಷಕ್ಕೂ ಮಿಕ್ಕಿ ಮುಸ್ಲಿಮರು ತುರ್ಕಿಗೆ. ಬಂದವರಲ್ಲಿ ತುರ್ಕಿ ಭಾಷೆಯನ್ನೇ ಆಡುತ್ತಿದ್ದ, ಅದನ್ನು ಗ್ರೀಕ್ ಲಿಪಿಯಲ್ಲಿ ಬರೆಯುತ್ತಿದ್ದ ಕ್ರೈಸ್ತರಿದ್ದರು. ಹೋದವರಲ್ಲಿ ಗ್ರೀಕ್ ಬಿಟ್ಟು ಬೇರೆ ಮಾತೇ ಬಾರದ ಕ್ರೀಟ್ ದ್ವೀಪದ ಮುಸ್ಲಿಮರಿದ್ದರು. ಎರಡೂ ಕಡೆ ಮನೆ ಕಳೆದುಕೊಂಡವರು ಹೊಸ ಊರಿನಲ್ಲಿ ಪರಕೀಯರಾದರು. ಗ್ರೀಸಿನಲ್ಲಿ ಅವರನ್ನು ‘ತುರ್ಕರ ಬೀಜ’ ಎಂದು ಹಂಗಿಸಿದವರೂ ಉಂಟು. ಪಿರೆಯಾಸಿನ ಹಿಂದಿನ ಕೊಕ್ಕಿನಿಯಾದಂಥ ಬಡಾವಣೆಗಳು ಆ ನಿರಾಶ್ರಿತರು ಕಟ್ಟಿಕೊಂಡವು. ಇಂದು ಆ ದೇಶದ ಪ್ರಾಣವೆನಿಸಿರುವ ರೆಬೆಟಿಕೋ ಹಾಡು ಮೈತುಂಬಿಕೊಂಡದ್ದು ಅವರ ಕೇರಿಗಳಲ್ಲಿ, ಅವರು ತಂದ ರಾಗಗಳಿಂದ.

ಈ ಪ್ರಶ್ನೆ ಇನ್ನೂ ಮುಗಿದಿಲ್ಲ. ಬಾಸ್ಕೆಟ್‌ಬಾಲ್ ಆಟಗಾರ ಯಾನಿಸ್ ಆಂಟೆಟೊಕೂಂಪೊ 1994ರಲ್ಲಿ ಅಥೆನ್ಸಿನಲ್ಲೇ ಹುಟ್ಟಿ, ಅಲ್ಲೇ ಬೆಳೆದರೂ, ತಂದೆತಾಯಿ ನೈಜೀರಿಯಾದವರೆಂಬ ಕಾರಣಕ್ಕೆ ಪೌರತ್ವ ಸಿಕ್ಕಿದ್ದು 2013ರಲ್ಲಿ, ಜಗತ್ತು ಅವರ ಹೆಸರು ಕೇಳುವ ಹೊತ್ತಿಗೆ. ಅದೇ ವರ್ಷಗಳಲ್ಲಿ ‘ಗೋಲ್ಡನ್ ಡಾನ್’ ಎಂಬ ಪಕ್ಷ ಪ್ರಾಚೀನ ಹೂಜಿಗಳ ಮೇಲಿನ ಅಲಂಕಾರಪಟ್ಟಿಯನ್ನೇ ತನ್ನ ಚಿಹ್ನೆಯಾಗಿಸಿಕೊಂಡು ವಲಸಿಗರನ್ನು ಬೀದಿಯಲ್ಲಿ ಹೊಡೆಯುತ್ತಿತ್ತು. 2020ರ ಅಕ್ಟೋಬರಿನಲ್ಲಿ ಅಥೆನ್ಸಿನ ನ್ಯಾಯಾಲಯ ಅದರ ನಾಯಕತ್ವ ಅಪರಾಧ ಸಂಘಟನೆ ನಡೆಸಿತ್ತೆಂದು ತೀರ್ಪು ಕೊಟ್ಟಿತು. ಅದರ ಮರುತಿಂಗಳೇ, ಒಟ್ಟೊಮನ್ನರು ಹೋದ ಮೇಲೆ ಅಥೆನ್ಸಿನಲ್ಲಿ ಮೊದಲ ಅಧಿಕೃತ ಮಸೀದಿ ತೆರೆಯಿತು.

2010ರ ಸಾಲದ ಬಿಕ್ಕಟ್ಟಿನ ದಿನಗಳಲ್ಲಿ ಜರ್ಮನಿಯ ವಾರಪತ್ರಿಕೆಯೊಂದು ವೀನಸ್ ಪ್ರತಿಮೆ ಬೆರಳೆತ್ತಿ ಅಶ್ಲೀಲ ಸನ್ನೆ ಮಾಡುವಂತೆ ಮುಖಪುಟ ಅಚ್ಚು ಹಾಕಿತು. ಪಿಂಚಣಿ ಕಡಿತವಾದ ಒಬ್ಬ ನಿವೃತ್ತ ಬಸ್ ಚಾಲಕ ಎರಡು ಸಾವಿರ ವರ್ಷ ಹಿಂದಿನ ಶಿಲ್ಪದ ಹೆಸರಿನಲ್ಲಿ ಅವಮಾನಿತನಾಗಬೇಕು. ಸಾಲ ಮಾಡಿದ ಬೇರೆ ಯಾವ ದೇಶಕ್ಕೂ ಅದರ ಪೂರ್ವಿಕರನ್ನು ಕರೆತಂದು ಹೀಗೆ ಛೀಮಾರಿ ಹಾಕಿಸಿದ್ದು ನನಗೆ ನೆನಪಿಲ್ಲ.

ಇನ್ನು ಶಿಲ್ಪಗಳ ಮಾತು. ಒಟ್ಟೊಮನ್ ಆಸ್ಥಾನದಲ್ಲಿ ಬ್ರಿಟನ್ನಿನ ರಾಯಭಾರಿಯಾಗಿದ್ದ ಲಾರ್ಡ್ ಎಲ್ಗಿನ್ನನ ಜನ 1801ರಿಂದ ಅವನ್ನು ಕಿತ್ತು ಸಾಗಿಸಿದರು. 1816ರಲ್ಲಿ ಬ್ರಿಟಿಷ್ ಸರ್ಕಾರ 35,000 ಪೌಂಡಿಗೆ ಕೊಂಡುಕೊಂಡಿತು. ಸುಮಾರು 160 ಮೀಟರ್ ಉದ್ದದ ಉಬ್ಬುಶಿಲ್ಪ ಪಟ್ಟಿಕೆಯಲ್ಲಿ ಸರಿಸುಮಾರು ಅರ್ಧ ಲಂಡನ್ನಿನಲ್ಲಿದೆ. 1982ರಲ್ಲಿ ಮೆಕ್ಸಿಕೋ ನಗರದ ಯುನೆಸ್ಕೋ ಸಮ್ಮೇಳನದಲ್ಲಿ ಸಂಸ್ಕೃತಿ ಸಚಿವೆ ಮೆಲೀನಾ ಮೆರ್ಕೂರಿ ಅವನ್ನು ಕೇಳಿದಾಗ, ಇಡಲು ನಿಮ್ಮಲ್ಲಿ ತಕ್ಕ ಜಾಗವೆಲ್ಲಿದೆ ಎಂಬುದು ಎದುರುವಾದವಾಗಿತ್ತು. 2009ರಲ್ಲಿ ತೆರೆದ ಅಕ್ರೊಪೊಲಿಸ್ ಮ್ಯೂಸಿಯಂ ಅದಕ್ಕೆ ಉತ್ತರ. ಅದರ ಮೇಲಂತಸ್ತಿನ ಗಾಜಿನ ಕೋಣೆಯಲ್ಲಿ ನಿಂತರೆ ಎದುರಿಗೇ ಬೆಟ್ಟದ ಮೇಲಿನ ಪಾರ್ಥೆನಾನ್. ಒಳಗೆ, ಜೇನುಬಣ್ಣಕ್ಕೆ ತಿರುಗಿದ ಮೂಲ ಶಿಲ್ಪದ ಪಕ್ಕದಲ್ಲಿ ಸುಣ್ಣದಂತೆ ಬೆಳ್ಳಗಿನ ಎರಕದ ಪ್ರತಿ. ಒಂದು ಕುದುರೆಯ ತಲೆ ಜೇನುಬಣ್ಣದಲ್ಲಿದ್ದರೆ ಸವಾರನ ಮೊಣಕಾಲು ಬಿಳಿ. ಕೆಳಗಿನ ಅಂತಸ್ತಿನಲ್ಲಿ, ಅದೇ ಬೆಟ್ಟದ ಇನ್ನೊಂದು ಗುಡಿಯಿಂದ ತಂದ, ಕಂಬದಂತೆ ನಿಂತ ಐದು ಕಲ್ಲಿನ ಕನ್ಯೆಯರು, ಲಂಡನ್ನಿನಲ್ಲಿರುವ ಆರನೆಯವಳಿಗೆ ಬಿಟ್ಟ ಖಾಲಿ ಜಾಗ. ಶಿಲ್ಪಗಳು ಮರಳಬೇಕು ಎಂಬುದರಲ್ಲಿ ನನಗೆ ಸಂದೇಹವಿಲ್ಲ. 2023ರಲ್ಲಿ ವ್ಯಾಟಿಕನ್ ತನ್ನಲ್ಲಿದ್ದ ಮೂರು ತುಣುಕುಗಳನ್ನು ಕೊಟ್ಟದ್ದು ಒಳ್ಳೆಯ ಮಾದರಿ. ಆದರೆ ಅವು ಮರಳಬೇಕಾದದ್ದು ಇಂದಿನವರು ಪೆರಿಕ್ಲಿಸನ ರಕ್ತದವರೆಂಬ ಕಾರಣಕ್ಕಲ್ಲ. ಒಂದೇ ಕಟ್ಟಡದ ಮೈ ಎರಡು ಕಡೆ ಹರಿದುಹೋಗಿದೆ, ಕಟ್ಟಡ ನಿಂತಿರುವುದು ಅಲ್ಲಿ, ಅದನ್ನು ದಶಕಗಳಿಂದ ಕಲ್ಲು ಕಲ್ಲಾಗಿ ಜೋಪಾನ ಮಾಡುತ್ತಿರುವವರು ಅಲ್ಲಿಯವರು, ಅಷ್ಟು ಸಾಕು. ಇದರಲ್ಲಿ ಅರ್ವನೈಟ ಅಜ್ಜನ ಮೊಮ್ಮಗಳಿಗೂ, ನಿರಾಶ್ರಿತರ ಮರಿಮಗನಿಗೂ, ನೈಜೀರಿಯಾ ಮೂಲದ ಹುಡುಗನಿಗೂ ಸಮಪಾಲು ಸಿಗುತ್ತದೆ.

ಇತ್ತೀಚೆಗೆ ಬದಲಾವಣೆಯೂ ಕಾಣುತ್ತಿದೆ. ಅಕ್ರೊಪೊಲಿಸ್ ಮ್ಯೂಸಿಯಮ್ಮಿನ ನೋಟಕ್ಕೆ ಅಡ್ಡವೆಂದು 1930ರ ಸುಮಾರಿನ ಸುಂದರ ಕಟ್ಟಡವೊಂದನ್ನೂ ಅದರ ನೆರೆಯ ಮನೆಯನ್ನೂ ಕೆಡವಲು ಹೊರಟಾಗ ಜನ ಎದ್ದುನಿಂತು ಉಳಿಸಿಕೊಂಡರು. ಥೆಸ್ಸಲೊನಿಕಿಯ ಮೆಟ್ರೋ ಕೆಲಸ 2006ರಲ್ಲಿ ಶುರುವಾಗಿ ರೈಲು ಓಡಿದ್ದು 2024ರ ನವೆಂಬರ್ 30ರಂದು. ನೆಲದಡಿಯಲ್ಲಿ ಸಿಕ್ಕಿದ ಪ್ರಾಚೀನ ವಸ್ತುಗಳು ಮೂರು ಲಕ್ಷಕ್ಕೂ ಹೆಚ್ಚು. ಅಲ್ಲಿ ಊರಿನವರು ವರ್ಷಗಟ್ಟಲೆ ಹಟ ಹಿಡಿದು ವಾದಿಸಿದ್ದು ಪೆರಿಕ್ಲಿಸನ ಕಾಲದ ಗುಡಿಗಾಗಿ ಅಲ್ಲ, ಬೈಜಾಂಟಿಯಂ ಕಾಲದ ಒಂದು ಅಂಗಡಿಬೀದಿಗಾಗಿ. ನೂರೈವತ್ತು ವರ್ಷದ ಹಿಂದೆ ಯಾರೂ ಎರಡು ಸಲ ಯೋಚಿಸದೆ ಅಗೆದು ಎಸೆಯುತ್ತಿದ್ದಂಥ ಬೀದಿಗಾಗಿ. ಅದನ್ನು ಕಳಚಿ ತೆಗೆದು ಮತ್ತೆ ಜೋಡಿಸಿದ್ದು ಸರಿಯೇ ಎಂಬ ಜಗಳ ಅಲ್ಲಿ ಇನ್ನೂ ಇದೆ. ಆ ಜಗಳವೇ ನನಗೆ ಸಂತೋಷದ ಸಂಗತಿ.

ಬಿ.ಎಂ. ಶ್ರೀಕಂಠಯ್ಯನವರು ಗ್ರೀಕ್ ರುದ್ರನಾಟಕಗಳನ್ನು ಕನ್ನಡಕ್ಕೆ ಒಗ್ಗಿಸಿದ ಕಾಲದಿಂದಲೂ ಆ ನಾಡಿನ ಮೇಲೆ ನಮಗೆ ಪ್ರೀತಿಯಿದೆ. ಆ ಪ್ರೀತಿಯನ್ನು ಇಂದಿನವರೆಗೆ ನಡೆಸಿಕೊಂಡು ಬರುವುದು ಪತ್ರಿಕೆಗಳಿಗೆ ಕಷ್ಟವೇನಲ್ಲ. ಅಕ್ರೊಪೊಲಿಸ್ ಬೆಟ್ಟದ ಬಗಲಲ್ಲೇ ಅನಾಫಿಯೋತಿಕಾ ಎಂಬ ಪುಟ್ಟ ಕೇರಿಯಿದೆ. ಒಟ್ಟೋ ದೊರೆಯ ಕಟ್ಟಡಗಳಿಗೆ ಕಲ್ಲು ಕೆತ್ತಲು ಅನಾಫಿ ದ್ವೀಪದಿಂದ ಬಂದ ಕೆಲಸಗಾರರು ಕಟ್ಟಿಕೊಂಡದ್ದು. ಒಬ್ಬರು ಎದುರಾದರೆ ಇನ್ನೊಬ್ಬರು ಗೋಡೆಗೆ ಆತು ನಿಲ್ಲಬೇಕಾದ ಓಣಿಗಳು, ಸುಣ್ಣ ಬಳಿದ ಗೋಡೆಗಳು, ಎಣ್ಣೆಯ ಡಬ್ಬಿಗಳಲ್ಲಿ ಬೆಳೆಸಿದ ತುಳಸಿಯಂಥ ವಾಸಿಲಿಕೋಸ್ ಗಿಡ, ಹಗ್ಗದ ಮೇಲೆ ಒಣಗಲು ಹಾಕಿದ ಬಟ್ಟೆ. ಮುಂದಿನ ಸಲ ಪಾರ್ಥೆನಾನ್ ಶಿಲ್ಪಗಳ ಸುದ್ದಿ ಬಂದಾಗ, ಎಂದಿನ ಜನರಿಲ್ಲದ ಕಂಬಗಳ ಚಿತ್ರದ ಬದಲು ಆ ಓಣಿಯ ಚಿತ್ರವನ್ನು ಅಚ್ಚು ಹಾಕಿ, ಕೆಳಗೆ ‘ಅಥೆನ್ಸ್’ ಎಂದು ಬರೆಯಬೇಕೆಂದು ತಮ್ಮಲ್ಲಿ ನನ್ನ ವಿನಂತಿ.

ಇಂತು ತಮ್ಮ ವಿಶ್ವಾಸಿ,
ನಿವೃತ್ತ ಹಡಗು ಎಂಜಿನಿಯರ್,
ಕುಂದಾಪುರ